ಕೊಟ್ಟಾಗ ಆಗುವ ಖುಷಿ ಸ್ವಾರ್ಥವೇ?

ಪ್ರಶ್ನೆ: ಕೆಲವು ವರ್ಷಗಳಿಂದ ನನ್ನ ಸಂಬಳದಲ್ಲಿ ಒಂದು ಪಾಲನ್ನು ಮಕ್ಕಳ ಚಿಕಿತ್ಸೆಗೆ ನೆರವಾಗುವ ಒಂದು ಸಂಸ್ಥೆಗೆ ಕೊಡುತ್ತಿದ್ದೇನೆ. ಕೊಟ್ಟ ದಿನ ಮನಸ್ಸಿಗೆ ಬಹಳ ಖುಷಿ. ಇತ್ತೀಚೆಗೆ ಒಂದು ಅನುಮಾನ ಶುರುವಾಗಿದೆ. ಆ ಖುಷಿಗೋಸ್ಕರವೇ ಕೊಡುತ್ತಿದ್ದೇನಾ? ಹಾಗಾದರೆ ಅದು ದಾನ ಹೇಗಾಗುತ್ತದೆ? ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. ದಾರಿಯಲ್ಲಿ ಯಾರಾದರೂ ದೇಣಿಗೆ ಡಬ್ಬಿ ಹಿಡಿದು ನಿಂತಿದ್ದರೆ ನಾನು ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತೇನೆ. ಆದರೆ ರಜೆಯಲ್ಲಿ ನಾನೇ ಆ ಸಂಸ್ಥೆಗಾಗಿ ದೇಣಿಗೆ ಕೇಳಲು ನಿಲ್ಲುತ್ತೇನೆ. ಒಂದು ಮಗುವಿನ ಫೋಟೊ ತೋರಿಸಿದರೆ ಕೊಡುವ ಜನ, ಸಾವಿರ ಮಕ್ಕಳ ಲೆಕ್ಕ ಹೇಳಿದರೆ ಸುಮ್ಮನೆ ತಲೆಯಾಡಿಸಿ ಹೋಗುತ್ತಾರೆ. ಜನ ಯಾಕೆ ಕೊಡುತ್ತಾರೆ, ಯಾಕೆ ಕೊಡುವುದಿಲ್ಲ?

ಉತ್ತರ: ನಿಮಗೆ ನಾಚಿಕೆ ತಂದ ಸಂಗತಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಡಬ್ಬಿ ಕಂಡು ದಾರಿ ಬದಲಿಸುವವರು ನೀವೊಬ್ಬರೇ ಅಲ್ಲ. ಅಮೆರಿಕದ ಬಾಸ್ಟನ್ ಬಳಿಯ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ರಿಸ್‌ಮಸ್ ಹೊತ್ತಿಗೆ ಸಾಲ್ವೇಶನ್ ಆರ್ಮಿ ಸಂಸ್ಥೆಯವರು ಅಂಗಡಿಗಳ ಬಾಗಿಲಲ್ಲಿ ಗಂಟೆ ಬಾರಿಸುತ್ತಾ ದೇಣಿಗೆ ಎತ್ತುತ್ತಾರೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ ಮತ್ತು ಅವರ ಜೊತೆಗಾರರು ಆ ಕಾರ್ಯಕರ್ತರನ್ನು ಒಮ್ಮೆ ಒಂದೇ ಬಾಗಿಲಲ್ಲಿ, ಇನ್ನೊಮ್ಮೆ ಎರಡೂ ಬಾಗಿಲಲ್ಲಿ ನಿಲ್ಲಿಸಿದರು. ಕೆಲವು ಸಲ ಬರೀ ಗಂಟೆ ಬಾರಿಸುವುದು. ಕೆಲವು ಸಲ ಬಾಯಿ ಬಿಟ್ಟು ‘ದಯವಿಟ್ಟು ಕೊಡಿ’ ಎಂದು ಕೇಳುವುದು. 2017ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಎರಡು ವಿಷಯ ಒಟ್ಟಿಗೆ ಕಾಣುತ್ತವೆ. ಬಾಯಿ ಬಿಟ್ಟು ಕೇಳಿದಾಗ ದೇಣಿಗೆ ತುಂಬಾ ಜಾಸ್ತಿಯಾಯಿತು. ಅದೇ ಹೊತ್ತಿಗೆ, ಕೇಳುವವರಿಲ್ಲದ ಇನ್ನೊಂದು ಬಾಗಿಲಿನತ್ತ ಹೋದವರ ಸಂಖ್ಯೆಯೂ ತುಂಬಾ ಜಾಸ್ತಿಯಾಯಿತು.

ಇದನ್ನು ಓದಿದಾಗ ನನಗೆ ಜನರ ಮೇಲೆ ಬೇಸರವಾಗಲಿಲ್ಲ. ಸ್ವಲ್ಪ ಯೋಚಿಸಿ ನೋಡಿ. ಮನಸ್ಸು ಕಲ್ಲಾದವರಿಗೆ ದಾರಿ ಬದಲಿಸುವ ಅಗತ್ಯವೇ ಇಲ್ಲ. ಡಬ್ಬಿಯ ಮುಂದೆಯೇ ನಡೆದು ಹೋಗಬಹುದು. ಎದುರಿಗೆ ಬಂದರೆ ಕೊಡದೆ ಇರಲಾರೆ ಎಂದು ತಿಳಿದವರು ಮಾತ್ರ ಸುತ್ತು ಹಾಕುತ್ತಾರೆ. ಇನ್ನೊಬ್ಬರ ಕಣ್ಣು ನೋಡಿದರೆ ತಮ್ಮ ಮನಸ್ಸು ಕರಗುತ್ತದೆ ಎಂಬುದು ಅವರಿಗೆ ಗೊತ್ತು. ಆ ಕರಗುವಿಕೆಗೆ ಇವತ್ತು ಸಿದ್ಧರಿಲ್ಲ, ಅಷ್ಟೇ.

ಹಾಗಂತ ಕೇಳುವುದರಲ್ಲಿ ಬಲವಂತ ಇಲ್ಲವೇ ಇಲ್ಲ ಎಂದು ಹೇಳಲಾರೆ. ಶಿಕಾಗೋ ಸುತ್ತಮುತ್ತ ಮನೆ ಮನೆಗೆ ಹೋಗಿ ದೇಣಿಗೆ ಕೇಳಿದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳ ಬಾಗಿಲಿಗೆ ಹಿಂದಿನ ದಿನವೇ ಒಂದು ಚೀಟಿ ಸಿಕ್ಕಿಸಿದ್ದರು: ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ ಎಂದು. ಚೀಟಿ ಇದ್ದ ಮನೆಗಳಲ್ಲಿ ಬಾಗಿಲು ತೆರೆದವರು 9ರಿಂದ 25 ಶೇಕಡಾ ಕಡಿಮೆಯಾದರು. ಇನ್ನು ಕೆಲವು ಚೀಟಿಗಳಲ್ಲಿ ‘ನಮಗೆ ತೊಂದರೆ ಕೊಡಬೇಡಿ’ ಎಂದು ಗುರುತು ಹಾಕಲು ಜಾಗ ಬಿಟ್ಟಿದ್ದರು. ಅಲ್ಲಿ ಕೊಡುವುದೇ 28ರಿಂದ 42 ಶೇಕಡಾ ಇಳಿಯಿತು. ಹೀಗೆ ನಿಂತು ಹೋದವು ಹೆಚ್ಚಾಗಿ ಸಣ್ಣ ಮೊತ್ತಗಳು, 10 ಡಾಲರ್‌ಗಿಂತ ಕಡಿಮೆಯವು. ಅಂದರೆ ಆ ಸಣ್ಣ ಮೊತ್ತಗಳಲ್ಲಿ ಬಹಳಷ್ಟು, ಎದುರಿಗೆ ನಿಂತವರಿಗೆ ಇಲ್ಲ ಎನ್ನಲಾಗದೆ ಕೊಟ್ಟಿದ್ದು. ದಾಕ್ಷಿಣ್ಯದ ದಾನ ಎನ್ನಬಹುದು. ದೊಡ್ಡ ಮೊತ್ತ ಕೊಡುವವರು ಚೀಟಿ ನೋಡಿಯೂ ಬಾಗಿಲು ತೆರೆದರು.

ದಾಕ್ಷಿಣ್ಯದ ದಾನ ಹೊರಗೆ ನಿಲ್ಲಲಿ ಎಂದು ನನ್ನ ಮಾತಲ್ಲ. ಆ ಹಣದಿಂದಲೂ ಔಷಧಿ ಬರುತ್ತದೆ. ಆದರೆ ಅದನ್ನೇ ನಂಬಿ ಕೂತ ಸಂಸ್ಥೆಗೆ ಜನರನ್ನು ಮತ್ತೆ ಮತ್ತೆ ಇಕ್ಕಟ್ಟಿಗೆ ಸಿಕ್ಕಿಸುವುದೇ ಕೆಲಸವಾಗುತ್ತದೆ. ಕೊನೆಗೆ ಜನ ಬಾಗಿಲನ್ನೇ ತೆರೆಯುವುದಿಲ್ಲ.

ಕೊಡುವುದು ಮನಸ್ಸಿನ ಗುಣ, ಕೆಲವರಿಗೆ ಅದು ಇದೆ, ಕೆಲವರಿಗೆ ಇಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು 1973ರ ಒಂದು ಪ್ರಯೋಗ. ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಇನ್ನೊಂದು ಕಟ್ಟಡಕ್ಕೆ ಕಳಿಸಿದರು, ಅಲ್ಲಿ ಒಂದು ಸಣ್ಣ ಭಾಷಣ ಮಾಡಬೇಕೆಂದು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಸಂಶೋಧಕರೇ. ಯಾರು ನಿಂತು ವಿಚಾರಿಸಿದರು? ಸಮಯ ಬೇಕಾದಷ್ಟಿದೆ ಎಂದು ಕಳಿಸಿದವರಲ್ಲಿ 63 ಶೇಕಡಾ ನೆರವಿಗೆ ಬಂದರು. ಹೊರಡಲು ಸರಿಯಾದ ಹೊತ್ತು ಎಂದು ಕಳಿಸಿದವರಲ್ಲಿ 45 ಶೇಕಡಾ. ತಡವಾಯಿತು, ಬೇಗ ಹೋಗಿ ಎಂದು ಅಟ್ಟಿದವರಲ್ಲಿ ಬರೀ 10 ಶೇಕಡಾ. ಕೆಲವರು ಭಾಷಣ ಮಾಡಬೇಕಿದ್ದ ವಿಷಯವೇ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಒಳ್ಳೆಯ ಮನುಷ್ಯನ ಕತೆ. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಪ್ರಯೋಗ ಚಿಕ್ಕದು, 40 ಜನರದ್ದು. ಆದರೂ ಅವಸರ ಎಂಬ ಇಷ್ಟು ಸಣ್ಣ ಸಂಗತಿ ಒಳ್ಳೆಯವರನ್ನೂ ಹೇಗೆ ದಾಟಿಸಿಕೊಂಡು ಹೋಗುತ್ತದೆ ಎಂಬುದು ನನ್ನ ತಲೆಯಿಂದ ಹೋಗಿಲ್ಲ.

ಬ್ರಿಟನ್ನಿನಲ್ಲಿ ವಿಲ್ ಬರೆಸಲು ಬಂದವರ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳುತ್ತದೆ. ವಿಲ್‌ನಲ್ಲಿ ದಾನಕ್ಕೆ ಏನಾದರೂ ಬಿಡುತ್ತೀರಾ ಎಂದು ಯಾರೂ ಕೇಳದಿದ್ದಾಗ ನೂರಕ್ಕೆ ಸುಮಾರು 5 ಜನ ತಾವಾಗಿ ಬಿಟ್ಟರು. ಕೇಳಿದಾಗ ಅದು ಸುಮಾರು 10ಕ್ಕೆ ಏರಿತು. ‘ನಮ್ಮಲ್ಲಿ ಬರುವ ಅನೇಕರು ಹೀಗೆ ಬಿಡಲು ಇಷ್ಟಪಡುತ್ತಾರೆ, ನಿಮ್ಮ ಮನಸ್ಸಿಗೆ ಹತ್ತಿರವಾದ ಕೆಲಸ ಯಾವುದಾದರೂ ಇದೆಯೇ’ ಎಂದು ಕೇಳಿದಾಗ ಸುಮಾರು 15. ಇಷ್ಟೂ ಜನರಲ್ಲಿ ಕೊಡುವ ಮನಸ್ಸು ಮೊದಲೇ ಇತ್ತು. ಯಾರಾದರೂ ಕೇಳಲಿ ಎಂದು ಕಾಯುತ್ತಿತ್ತು. ಕೊಡದವರ ಬಗ್ಗೆ ನೀವು ಕೇಳಿದ್ದೀರಿ. ಕೊಡದವರಲ್ಲಿ ಒಂದಷ್ಟು ಮಂದಿ, ತಮ್ಮನ್ನು ಯಾರೂ ಸರಿಯಾಗಿ ಕೇಳಿಲ್ಲದವರು.

ಈಗ ನಿಮ್ಮ ಖುಷಿಯ ವಿಷಯಕ್ಕೆ ಬರೋಣ. ನಿದ್ದೆಗೆಡಿಸಿರುವುದು ಇದೇ ಅಲ್ವಾ?

ನಿಮ್ಮ ಅನುಮಾನವನ್ನು ಅರ್ಥಶಾಸ್ತ್ರದಲ್ಲೂ ಎತ್ತಿದ್ದಾರೆ. ಮೊದಲು ಹೇಳಿದ ಆಂಡ್ರಿಯೋನಿ ಅವರೇ 1989 ಮತ್ತು 1990ರಲ್ಲಿ ಬರೆದ ಲೇಖನಗಳಲ್ಲಿ ಅದಕ್ಕೊಂದು ಹೆಸರು ಕೊಟ್ಟರು: ವಾರ್ಮ್ ಗ್ಲೋ. ಕೊಟ್ಟವರ ಎದೆಯಲ್ಲಿ ಹುಟ್ಟುವ ಬೆಚ್ಚಗಿನ ಭಾವ. ಅವರ ತರ್ಕ ಹೀಗಿದೆ. ನನಗೆ ಬೇಕಾಗಿದ್ದು ಆ ಮಗುವಿಗೆ ಔಷಧಿ ಸಿಗುವುದು ಮಾತ್ರ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಸರ್ಕಾರ ನನ್ನ ತೆರಿಗೆಯಿಂದ ಅದೇ ಔಷಧಿಗೆ ನೂರು ಕೊಟ್ಟ ದಿನ ನಾನು ನನ್ನ ದೇಣಿಗೆಯಲ್ಲಿ ನೂರು ಕಡಿಮೆ ಮಾಡಬೇಕು. ಔಷಧಿ ಹೇಗೂ ಸಿಕ್ಕಿತಲ್ಲ. ಆದರೆ ಜನ ಅಷ್ಟು ಕಡಿಮೆ ಮಾಡುವುದಿಲ್ಲ. ಸ್ವಲ್ಪ ಇಳಿಸಬಹುದು, ಪೂರ್ತಿ ಇಳಿಸುವುದಿಲ್ಲ. ಅಂದರೆ ‘ನಾನು ಕೊಟ್ಟೆ’ ಎಂಬುದಕ್ಕೂ ಅವರ ಮನಸ್ಸಿನಲ್ಲಿ ಬೆಲೆಯಿದೆ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಅನುಮಾನ ಗೆದ್ದ ಹಾಗೆ ಕಾಣುತ್ತದೆ. ಆದರೆ 2007ರಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ವಿಲಿಯಂ ಹಾರ್ಬಾ, ಉಲ್ರಿಕ್ ಮೇಯರ್ ಮತ್ತು ಡೇನಿಯಲ್ ಬರ್ಗಾರ್ಟ್ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. 19 ಮಹಿಳೆಯರಿಗೆ ತಲಾ 100 ಡಾಲರ್ ಕೊಟ್ಟರು. ಅದರಿಂದ ಹಸಿದವರಿಗೆ ಆಹಾರ ಹಂಚುವ ಒಂದು ಸಂಸ್ಥೆಗೆ ಹಣ ಹೋಗುತ್ತಿತ್ತು. ಕೆಲವು ಸಲ ಅವರನ್ನು ಕೇಳದೆಯೇ, ತೆರಿಗೆಯ ಹಾಗೆ. ಕೆಲವು ಸಲ ಅವರ ಒಪ್ಪಿಗೆಯಿಂದ. ಒಪ್ಪಿ ಕೊಟ್ಟಾಗ ಮಿದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಭಾಗ ಹೆಚ್ಚು ಚುರುಕಾಯಿತು. ಅದು ನಿರೀಕ್ಷಿಸಿದ್ದೇ. ನಾನು ಬೆರಳಿಟ್ಟು ತೋರಿಸಬೇಕೆಂದಿರುವುದು ಇನ್ನೊಂದು ಸಂಗತಿಯನ್ನು. ಕೇಳದೆ ಕಿತ್ತುಕೊಂಡಾಗಲೂ, ಹಣ ಹಸಿದವರಿಗೆ ಸೇರಿತು ಎಂದು ಕಂಡಾಗ ಅದೇ ಭಾಗ ಚುರುಕಾಯಿತು. ಅಲ್ಲಿ ‘ನಾನು ಕೊಟ್ಟೆ’ ಎಂಬ ಹೆಮ್ಮೆಗೆ ಜಾಗವೇ ಇಲ್ಲ. ಇನ್ನೊಬ್ಬರ ಕಷ್ಟ ಸ್ವಲ್ಪ ಹಗುರಾಯಿತು ಎಂಬುದೇ ಮನಸ್ಸಿಗೆ ಹಿತವಾಗಿತ್ತು.

ಹಾಗಾಗಿ ನಿಮ್ಮ ಖುಷಿಯಲ್ಲಿ ಎರಡು ಎಳೆಗಳಿವೆ. ಒಂದು ಕೊಟ್ಟ ತೃಪ್ತಿ. ಇನ್ನೊಂದು ಅವರಿಗೆ ಸಿಕ್ಕಿತಲ್ಲ ಎಂಬ ನೆಮ್ಮದಿ. ಎರಡೂ ಹೆಣೆದುಕೊಂಡಿರುತ್ತವೆ. ಬಿಡಿಸಿ ತೂಗಲು ಹೊರಟರೆ ಯಾರಿಗೂ ಆಗದು.

ನಿಮಗೆ ನೀವೇ ಒಂದು ಪ್ರಶ್ನೆ ಹಾಕಿಕೊಳ್ಳಿ. ನೀವು ಇಷ್ಟು ದಿನ ಕೊಟ್ಟ ಹಣದಲ್ಲಿ ಒಂದು ಕಾಸೂ ಮಕ್ಕಳಿಗೆ ಮುಟ್ಟಿಲ್ಲ ಎಂದು ನಾಳೆ ಗೊತ್ತಾಯಿತು ಎಂದುಕೊಳ್ಳಿ. ಆ ಖುಷಿ ಉಳಿಯುತ್ತದೆಯೇ? ನೀವು ಕೊಟ್ಟಿದ್ದಂತೂ ನಿಜ. ಕೊಟ್ಟ ದಿನ ಖುಷಿಪಟ್ಟಿದ್ದೂ ನಿಜ. ಬರೀ ಖುಷಿಯೇ ಗುರಿಯಾಗಿದ್ದರೆ ನಿಮಗೆ ನಷ್ಟವೇನೂ ಆಗಿಲ್ಲ. ಆದರೂ ಹೊಟ್ಟೆ ಉರಿಯುತ್ತದೆ, ಅಲ್ವಾ? ಯಾಕೆಂದರೆ ನಿಮ್ಮ ಖುಷಿ ಆ ಮಗುವಿನ ಮೇಲೆ ನಿಂತಿದೆ. ಮಗುವನ್ನು ತೆಗೆದರೆ ಖುಷಿ ಬಿದ್ದುಹೋಗುತ್ತದೆ. ಅಂಥ ಖುಷಿಯನ್ನು ಸ್ವಾರ್ಥ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಮೇಲೆ ಹೇಳಿದ ಬ್ಯಾಟ್ಸನ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದ್ದು. ಒಬ್ಬ ಯುವತಿಗೆ ವಿದ್ಯುತ್ ಶಾಕ್ ಕೊಡುತ್ತಿರುವಂತೆ ತೋರಿಸಿ, ಅವಳ ಬದಲು ನೀವು ಕೂರುತ್ತೀರಾ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಶಾಕ್ ನಟನೆ, ಆದರೆ ಅವರಿಗೆ ಅದು ಗೊತ್ತಿಲ್ಲ. ಕೆಲವರಿಗೆ ಎರಡು ಸುತ್ತು ನೋಡಿ ಎದ್ದು ಹೋಗುವ ಅವಕಾಶ ಇತ್ತು. ಇನ್ನು ಕೆಲವರು ಕೊನೆಯವರೆಗೂ ನೋಡಬೇಕಿತ್ತು. ತಮ್ಮ ಸಂಕಟ ತಪ್ಪಿಸಿಕೊಳ್ಳುವುದಷ್ಟೇ ಗುರಿಯಾಗಿದ್ದರೆ, ಎದ್ದು ಹೋಗಲು ದಾರಿಯಿದ್ದವರು ಎದ್ದು ಹೋಗಬೇಕಿತ್ತು. ಅವಳ ನೋವು ಅಷ್ಟಾಗಿ ಮನಸ್ಸಿಗೆ ತಟ್ಟದವರು ಹಾಗೇ ಮಾಡಿದರು. ಆದರೆ ಅವಳು ತಮ್ಮಂಥವಳೇ ಎಂದು ಅನಿಸಿ ಮನಸ್ಸು ಮಿಡಿದವರಲ್ಲಿ ಬಹುಪಾಲು ಜನ, ದಾರಿ ತೆರೆದಿದ್ದರೂ ಹೋಗಲಿಲ್ಲ. ಶಾಕ್ ತಾವು ತೆಗೆದುಕೊಳ್ಳಲು ಒಪ್ಪಿದರು.

ಕೊಟ್ಟರೆ ಖುಷಿ ಸಿಗುತ್ತದೆ ಎಂಬುದೂ ಬರೀ ಮಾತಲ್ಲ. 2008ರಲ್ಲಿ ಎಲಿಜಬೆತ್ ಡನ್, ಲಾರಾ ಅಕ್ನಿನ್ ಮತ್ತು ಮೈಕಲ್ ನಾರ್ಟನ್ ಕೆಲವರಿಗೆ ಬೆಳಗ್ಗೆ 5 ಅಥವಾ 20 ಡಾಲರ್ ಇದ್ದ ಲಕೋಟೆ ಕೊಟ್ಟರು. ಸಂಜೆಯೊಳಗೆ ಅರ್ಧ ಜನ ಅದನ್ನು ತಮಗಾಗಿ, ಅರ್ಧ ಜನ ಬೇರೆಯವರಿಗಾಗಿ ಖರ್ಚು ಮಾಡಬೇಕು. ಸಂಜೆ ಹೆಚ್ಚು ಖುಷಿಯಾಗಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ಮೊತ್ತ 5 ಆದರೂ 20 ಆದರೂ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗದಲ್ಲಿ 46 ಜನ ಮಾತ್ರ ಇದ್ದರು. 2020ರಲ್ಲಿ 700ಕ್ಕೂ ಹೆಚ್ಚು ವಿದ್ಯಾರ್ಥಿಗಳ ಜೊತೆ ಇದೇ ಬಗೆಯ ಪ್ರಯೋಗ ಮಾಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿ ಬಂತು. ಖುಷಿಯ ಪ್ರಮಾಣ ದೊಡ್ಡದೇನೂ ಅಲ್ಲ, ಆದರೆ ಅದು ನಿಜ.

ಹೆಸರಿಗಾಗಿ ಕೊಡುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 12ನೇ ಶತಮಾನದ ಯೆಹೂದಿ ಚಿಂತಕ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ಯಾರು ಕೊಟ್ಟರು, ಯಾರು ಪಡೆದರು ಎಂದು ಇಬ್ಬರಿಗೂ ಗೊತ್ತಿಲ್ಲದ ದಾನ ಎರಡನೆಯ ಎತ್ತರದ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು, ಒಬ್ಬರು ಮತ್ತೆ ಕೈ ಚಾಚದಂತೆ ಅವರನ್ನು ತಮ್ಮ ಕಾಲ ಮೇಲೆ ನಿಲ್ಲಿಸುವುದು. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಆದರೆ ಅದೂ ಪಟ್ಟಿಯಲ್ಲಿದೆ ನೋಡಿ. ಅದನ್ನು ದಾನವೇ ಅಲ್ಲ ಎಂದು ಅವರು ಹೊರಗಿಡಲಿಲ್ಲ. ಹೆಸರಿಗಾಗಿ ಕೊಡುವವರನ್ನು ಕೀಳಾಗಿ ನೋಡದಿರಲು ಇನ್ನೊಂದು ಕಾರಣವೂ ಇದೆ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ತಿಳಿದರೆ ಕೊಡುವುದು ಬೆಳೆಯುತ್ತದೆ. ಜೆನ್ ಶಾಂಗ್ ಮತ್ತು ರೇಚಲ್ ಕ್ರೋಸನ್ ಒಂದು ರೇಡಿಯೊ ಕೇಂದ್ರದ ದೇಣಿಗೆ ಕರೆಗಳಲ್ಲಿ ಇದನ್ನು ನೋಡಿದರು. ‘ಇನ್ನೊಬ್ಬರು 300 ಡಾಲರ್ ಕೊಟ್ಟಿದ್ದಾರೆ, ನೀವು ಎಷ್ಟು ಕೊಡುತ್ತೀರಿ’ ಎಂದು ಕೇಳಿದಾಗ ಜನ ಸರಾಸರಿ 12 ಶೇಕಡಾ ಜಾಸ್ತಿ ಕೊಟ್ಟರು.

ಹಣದ ಆಸೆ ತೋರಿಸಿದರೆ ಮಾತ್ರ ಕತೆ ಬೇರೆ. ಇಸ್ರೇಲಿನಲ್ಲಿ ಶಾಲಾ ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ದೇಣಿಗೆ ಎತ್ತುತ್ತಿದ್ದರು. ಸಂಗ್ರಹದಲ್ಲಿ ಶೇಕಡಾ 1 ನಿಮಗೆ ಎಂದಾಗ ಸಂಗ್ರಹ ಇಳಿಯಿತು. ಶೇಕಡಾ 10 ಎಂದಾಗ ಸ್ವಲ್ಪ ಚೇತರಿಸಿತು. ಆದರೆ ಏನನ್ನೂ ಕೊಡದೆ, ಕೆಲಸದ ಮಹತ್ವ ಮಾತ್ರ ಹೇಳಿ ಕಳಿಸಿದ ಗುಂಪೇ ಎಲ್ಲರಿಗಿಂತ ಹೆಚ್ಚು ತಂದಿತು. 2000ದಲ್ಲಿ ಉರಿ ಗ್ನೀಜಿ ಮತ್ತು ಆಲ್ಡೋ ರುಸ್ಟಿಚಿನಿ ಪ್ರಕಟಿಸಿದ್ದು ಇದು. ಮನಸ್ಸಿನಿಂದ ಮಾಡುವ ಕೆಲಸಕ್ಕೆ ಪುಡಿಗಾಸು ಕಟ್ಟಿದರೆ ಅದು ಪುಡಿಗಾಸಿನ ಕೆಲಸವೇ ಆಗಿಬಿಡುತ್ತದೆ.

ಇನ್ನು ಒಂದು ಮಗು, ಸಾವಿರ ಮಕ್ಕಳು. ಇದು ನನಗೆ ಸ್ವಂತ ಅನುಭವದ ವಿಷಯ. ಹಿಂದೆ ಒಂದು ಸಣ್ಣ ಗುಂಪಿಗಾಗಿ ದೇಣಿಗೆ ಪತ್ರ ಬರೆದಿದ್ದೆ. ಪುಟ ತುಂಬಾ ಅಂಕಿಗಳು. ಎಷ್ಟು ಮಕ್ಕಳಿಗೆ ಕಾಯಿಲೆ, ಎಷ್ಟು ಮಂದಿಗೆ ಔಷಧಿ ಇಲ್ಲ, ಎಲ್ಲ ಸರಿಯಾದ ಲೆಕ್ಕ. ಉತ್ತರ ಬಂದಿದ್ದು ಬೆರಳೆಣಿಕೆಯಷ್ಟು. ಮುಂದಿನ ಸಲ ಗುಂಪಿನಲ್ಲಿದ್ದ ನರ್ಸ್ ಒಬ್ಬರು ಬರೆದರು. ಅವರು ನೋಡಿಕೊಂಡ ಒಬ್ಬಳು ಹುಡುಗಿಯ ಬಗ್ಗೆ, ಎಂಟು ಹತ್ತು ಸಾಲು. ಆ ಪತ್ರಕ್ಕೆ ಜನ ಓಗೊಟ್ಟರು.

ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ನನಗೆ ಇದರ ಕಾರಣ ಹೊಳೆಯಿತು. ಜನರಿಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಎಂದು ಕೇಳಿದರು. ಮಾಲಿ ದೇಶದ 7 ವರ್ಷದ ಒಬ್ಬ ಹುಡುಗಿಯ ವಿಷಯ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಆಫ್ರಿಕಾದ ಲಕ್ಷಾಂತರ ಹಸಿದವರ ಅಂಕಿ ಓದಿದವರು 1.14. ಹುಡುಗಿಯನ್ನೂ ಅಂಕಿಯನ್ನೂ ಒಟ್ಟಿಗೆ ತೋರಿಸಿದರೆ ಇನ್ನೂ ಜಾಸ್ತಿ ಬರಬೇಕಲ್ಲವೇ? ಬಂದಿದ್ದು 1.43. ಅಂಕಿ ಪಕ್ಕಕ್ಕೆ ಬಂದು ಕೂತಾಗ ಹುಡುಗಿಗೆ ಸಿಗಬೇಕಿದ್ದುದೂ ಇಳಿಯಿತು.

ಯಾಕೆ ಹೀಗೆ? ನನಗೆ ಕಾಣುವುದು ಎರಡು ಕಾರಣ. ಮೊದಲನೆಯದು, ಮರುಕ ಹುಟ್ಟುವುದು ಮುಖ ಕಂಡಾಗ. ಸಾವಿರಕ್ಕೆ ಮುಖವಿಲ್ಲ. ವಲಸೆ ಹಕ್ಕಿಗಳು ಎಣ್ಣೆ ಹೊಂಡದಲ್ಲಿ ಬಿದ್ದು ಸಾಯುವುದನ್ನು ತಪ್ಪಿಸಲು ಎಷ್ಟು ಕೊಡುತ್ತೀರಿ ಎಂದು 1990ರ ದಶಕದ ಆರಂಭದಲ್ಲಿ ಕೇಳಿದ್ದರು. 2,000 ಹಕ್ಕಿಗಳಿಗೆ ಜನ ಹೇಳಿದ ಸರಾಸರಿ 80 ಡಾಲರ್, 20,000ಕ್ಕೆ 78, 2,00,000ಕ್ಕೆ 88. ಸೊನ್ನೆಗಳು ಏರಿದವು, ಮನಸ್ಸು ಏರಲಿಲ್ಲ. ಎಲ್ಲರ ಕಣ್ಣ ಮುಂದೆಯೂ ಬಂದಿದ್ದು ರೆಕ್ಕೆ ಒದ್ದೆಯಾದ ಒಂದೇ ಹಕ್ಕಿ ಇರಬೇಕು.

ಎರಡನೆಯ ಕಾರಣ ಹೆಚ್ಚು ಮುಖ್ಯ. ದೊಡ್ಡ ಸಂಖ್ಯೆ ಕೇಳಿದಾಗ ‘ನನ್ನಿಂದ ಏನಾದೀತು’ ಅನಿಸುತ್ತದೆ. ಇದಕ್ಕೂ ಅಧ್ಯಯನವಿದೆ. ನಿರಾಶ್ರಿತರ ಶಿಬಿರಕ್ಕೆ ಶುದ್ಧ ನೀರು ಕೊಟ್ಟು 4,500 ಜೀವ ಉಳಿಸುವ ಯೋಜನೆ. ಶಿಬಿರದಲ್ಲಿ 11,000 ಜನ ಇದ್ದಾರೆ ಎಂದಾಗ ಜನರ ಬೆಂಬಲ ಜಾಸ್ತಿ. 2,50,000 ಜನ ಇದ್ದಾರೆ ಎಂದಾಗ ಕಡಿಮೆ. ಉಳಿಯುವ ಜೀವಗಳು ಅಷ್ಟೇ, ಆದರೆ ಎರಡನೆಯ ಸಲ ಉಳಿಯದವರೇ ಕಣ್ಣಿಗೆ ಬಿದ್ದರು. ನೀವು ಸಾವಿರ ಮಕ್ಕಳ ಲೆಕ್ಕ ಹೇಳಿದಾಗ ತಲೆಯಾಡಿಸಿ ಹೋಗುವವರೂ ಇಂಥವರೇ. ಅವರಿಗೆ ಕಾಳಜಿ ಇಲ್ಲವೆಂದಲ್ಲ. ತಮ್ಮ ಕೈಯಿಂದ ಆಗದ ಕೆಲಸ ಎಂದು ಅವರಿಗೆ ಅನಿಸಿದೆ.

ಹಾಗಾದರೆ ಬರೀ ಫೋಟೊ ಸಾಕೇ? ಸಾಲದು. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲತೀರದಲ್ಲಿ ಸಿರಿಯಾದ ಒಬ್ಬ ಪುಟ್ಟ ಹುಡುಗನ ದೇಹ ಬಿದ್ದಿದ್ದ ಫೋಟೊ ಜಗತ್ತನ್ನೇ ಕಲಕಿತು. ಸಿರಿಯಾದಲ್ಲಿ ಅಷ್ಟರಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಆ ಅಂಕಿಗಳು ಮಾಡದಿದ್ದುದನ್ನು ಆ ಒಂದು ಫೋಟೊ ಮಾಡಿತು. ಸ್ವೀಡನ್ನಿನ ರೆಡ್ ಕ್ರಾಸ್‌ಗೆ ಬರುತ್ತಿದ್ದ ದೇಣಿಗೆ ಎಷ್ಟೋ ಪಟ್ಟು ಹೆಚ್ಚಿತು. ಸುಮಾರು ಆರು ವಾರದಲ್ಲಿ ದಿನದ ದೇಣಿಗೆ ಮತ್ತೆ ಇಳಿದುಹೋಯಿತು. ಆದರೆ ಆ ದಿನಗಳಲ್ಲಿ ಪ್ರತಿ ತಿಂಗಳೂ ಕೊಡುತ್ತೇನೆಂದು ಹೆಸರು ಬರೆಸಿದವರಲ್ಲಿ ಹೆಚ್ಚಿನವರು ಮುಂದೆಯೂ ಕೊಡುತ್ತಾ ಹೋದರು. ನಾನು ನಿಮಗೆ ಹೇಳಬೇಕೆಂದಿರುವುದು ಇದನ್ನೇ. ಕರಗಿದ ಮನಸ್ಸು ಮತ್ತೆ ಗಟ್ಟಿಯಾಗುತ್ತದೆ. ಕರಗಿದ್ದಾಗಲೇ ಅದನ್ನು ಒಂದು ರೂಢಿಗೆ ಕಟ್ಟಬೇಕು.

ಅಂಕಿಗಳನ್ನೂ ಬಿಸಾಡಬೇಡಿ. ಅವುಗಳಿಗೆ ಬೇರೆ ಜಾಗವಿದೆ. ಡೀನ್ ಕಾರ್ಲನ್ ಮತ್ತು ಡೇನಿಯಲ್ ವುಡ್ 2017ರಲ್ಲಿ ಪ್ರಕಟಿಸಿದಂತೆ, ದೇಣಿಗೆ ಪತ್ರದಲ್ಲಿ ಕಾರ್ಯಕ್ರಮ ಕೆಲಸ ಮಾಡುತ್ತದೆ ಎಂಬ ವೈಜ್ಞಾನಿಕ ಪುರಾವೆ ಸೇರಿಸಿದಾಗ, ಮೊದಲಿನಿಂದ ದೊಡ್ಡ ಮೊತ್ತ ಕೊಡುತ್ತಿದ್ದವರು ಇನ್ನೂ ಹೆಚ್ಚು ಕೊಟ್ಟರು. ಸಣ್ಣ ಮೊತ್ತದವರು ಕೊಡುವುದು ಕಡಿಮೆಯಾಯಿತು. ಹಾಗಾಗಿ ದಾರಿಯಲ್ಲಿ ಸಿಕ್ಕವರಿಗೆ ಒಂದು ಮಗುವಿನ ಕತೆ ಹೇಳಿ. ವರ್ಷ ವರ್ಷ ಕೊಡುವವರಿಗೆ ಲೆಕ್ಕಪತ್ರ ಕಳಿಸಿ. ಇನ್ನೊಂದು ಪ್ರಯೋಗದಲ್ಲಿ, ಆಫೀಸಿನ ಖರ್ಚನ್ನೆಲ್ಲ ಒಬ್ಬ ದೊಡ್ಡ ದಾನಿ ಆಗಲೇ ಕೊಟ್ಟಿದ್ದಾರೆ, ನಿಮ್ಮ ಹಣ ಪೂರ್ತಿ ಕೆಲಸಕ್ಕೇ ಹೋಗುತ್ತದೆ ಎಂದು ಹೇಳಿದಾಗ ಜನ ಹೆಚ್ಚು ಕೊಟ್ಟರು. ನಿಮ್ಮ ಸಂಸ್ಥೆಗೆ ಅಂಥ ದಾನಿ ಇದ್ದರೆ ಅದನ್ನು ಹೇಳಲು ಸಂಕೋಚ ಬೇಡ.

ಫೋಟೊ ಬಗ್ಗೆ ಒಂದು ವಿನಂತಿ. ಆ ಮಗುವಿನ ತಂದೆ ತಾಯಿಯ ಒಪ್ಪಿಗೆ ಇರಲಿ. ಅಳುವ ಮುಖಕ್ಕಿಂತ, ಚಿಕಿತ್ಸೆ ಆದ ಮೇಲಿನ ಮುಖ ಇಡಿ. ಆ ಮಗು ದೊಡ್ಡದಾಗಿ ಒಂದು ದಿನ ಆ ಫೋಟೊ ನೋಡುತ್ತದೆ.

ನಿಮ್ಮ ತಿಂಗಳ ದೇಣಿಗೆಯನ್ನು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿ. ಸಂಬಳ ಏರಿದಾಗ ಇಷ್ಟು ಏರಿಸುತ್ತೇನೆ ಎಂದು ಈಗಲೇ ಬರೆದಿಡಿ. ಸ್ವೀಡನ್ನಿನಲ್ಲಿ ಅನ್ನಾ ಬ್ರೆಮಾನ್ ತಿಂಗಳ ದಾನಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಇವತ್ತೇ ಏರಿಸಿ ಎಂದು ಕೇಳಿದಾಗ ಬಂದ ಏರಿಕೆಗಿಂತ ಮುಂದೆ ಏರಿಸಿ ಎಂದು ಕೇಳಿದಾಗ ಬಂದ ಏರಿಕೆ 32 ಶೇಕಡಾ ಹೆಚ್ಚಾಗಿತ್ತು. ಹಾಗೆ ಮಾಡಿದ ಮೇಲೆ ದಾರಿಯಲ್ಲಿ ಡಬ್ಬಿ ಕಂಡರೆ ಆಚೆ ಬದಿಗೆ ಹೋಗಬೇಕಿಲ್ಲ. ನಿಂತು, ‘ನಾನು ಬೇರೆ ಕಡೆ ಕೊಡುತ್ತಿದ್ದೇನೆ, ನಿಮಗೆ ಒಳ್ಳೆಯದಾಗಲಿ’ ಎಂದು ಮುಖ ನೋಡಿ ಹೇಳಿ. ಬಿಸಿಲಲ್ಲಿ ನಿಂತವರಿಗೆ ಅಷ್ಟು ಮಾತೂ ಸಮಾಧಾನ ಕೊಡುತ್ತದೆ ಎಂಬುದು ನಿಮಗೇ ಗೊತ್ತು.

ನೀವು ಡಬ್ಬಿ ಹಿಡಿದ ದಿನ ಒಂದಿಷ್ಟು ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ. ಒಂದು ಬದಿಗೆ ಆ ಮಗುವಿನ ಕತೆ, ಇನ್ನೊಂದು ಬದಿಗೆ ಮನೆಯಿಂದಲೇ ಹೇಗೆ ಕೊಡಬಹುದು ಎಂಬ ವಿವರ. ಮುಖ ತಿರುಗಿಸಿ ಹೋಗುವವರು ಕಂಡರೆ ಕೈಗೆ ಒಂದು ಚೀಟಿ ಕೊಟ್ಟು, ಏನೂ ಕೇಳದೆ ಬಿಟ್ಟುಬಿಡಿ. ಅವರಲ್ಲಿ ಯಾರಾದರೂ ರಾತ್ರಿ ಮನೆಯಲ್ಲಿ ಕೂತು ಅದನ್ನು ಓದಬಹುದು.